ನಿರಾಕರಿಸಿರುತ್ತಾರೆ

ಉಣುಗು ಹಿಡಿಯೋದು ನನ್ನ ಕೆಲಸ ಅಂದ್ರೆ ಜನ ನಗ್ತಾರೆ. ನಗ್ಲಿ, ನಗೋರಿಗೇನು. ದನದ ಕಿವಿಯಲ್ಲಿ, ನಾಯಿ ಕುತ್ತಿಗೆಯಲ್ಲಿ ಕಚ್ಕೊಂಡಿರುತ್ತಲ್ಲ, ಅದೇ ಉಣುಗು. ಕಾಡಿಂದು ಅದಕ್ಕಿಂತ ಸಣ್ಣದು, ಸಾಸಿವೆ ಕಾಳಿಗಿಂತ ಸಣ್ಣದು. ಮಂಗನ ಕಾಯಿಲೆ ಅಂತಾರಲ್ಲ, ಅದನ್ನ ತರೋದು ಇದೇ. ಸತ್ತ ಮಂಗನ ಮೈ ಬಿಟ್ಟು ಇಳಿದ ಉಣುಗು ಮನುಷ್ಯರಿಗೆ ಕಚ್ಚಿದ್ರೆ ಜ್ವರ, ಆಮೇಲೆ ಮೂಗಲ್ಲಿ ರಕ್ತ, ಆಮೇಲೆ ಗುಂಡಿ. ಯಾವ ಕಾಡಲ್ಲಿ ಅದು ಎಷ್ಟು ಐತೆ ಅಂತ ಸರ್ಕಾರಕ್ಕೆ ಗೊತ್ತಾಗಬೇಕು. ಅದಕ್ಕೆ ಯಾರಾದ್ರೂ ಕಾಡಿಗೆ ಹೋಗಿ ಹಿಡ್ಕೊಂಡು ಬರಬೇಕು. ಹಂಗೆ ಹೋಗ್ತಿದ್ದೋಳು ನಾನು. ಹೆಸರು ಹುಲಿಯಮ್ಮ, ಹುದ್ದೆ ಕೀಟ ಸಂಗ್ರಾಹಕಿ, ಊರು ಸೊರಬ ತಾಲ್ಲೂಕು ಕುಬಟೂರು, ಆಫೀಸು ಶಿಕಾರಿಪುರದಲ್ಲಿ. ಇಪ್ಪತ್ತೈದು ವರ್ಷ ಆರು ತಿಂಗಳು ಮಾಡಿದೀನಿ.

ಹೆಂಗೆ ಹಿಡೀತಾರೆ ಅಂತ ಕೇಳಿ. ಒಂದು ಬಿಳಿ ಫ್ಲಾನಲ್ ಬಟ್ಟೆ, ಅದರ ಒಂದು ಅಂಚಿಗೆ ಕೋಲು, ಕೋಲಿಗೆ ಹಗ್ಗ. ಹಗ್ಗ ಸೊಂಟಕ್ಕೆ ಬಿಗಿದು ತರಗೆಲೆ ಮೇಲೆ ಬಟ್ಟೆ ಎಳ್ಕೊಂಡು ನಡೀಬೇಕು. ಹತ್ತು ಹೆಜ್ಜೆಗೊಂದು ಸಲ ನಿಲ್ಲು, ಬಟ್ಟೆ ಮಗುಚು, ಮಂಡಿ ಊರು, ಚಿಮಟದಲ್ಲಿ ಒಂದೊಂದೇ ಉಣುಗು ಕಿತ್ತು ಗಾಜಿನ ಸೀಸೆಗೆ ಹಾಕು. ಮತ್ತೆ ಏಳು, ಮತ್ತೆ ಎಳಿ. ಕಾಲಿಗೆ, ಕೈಗೆ ಬಳ್ಕೊಳ್ಳೋಕೆ ಒಂದು ಎಣ್ಣೆ ಕೊಡ್ತಾರೆ. ಅದರ ನಾತಕ್ಕೆ ತಲೆ ತಿರುಗುತ್ತೆ. ಬಟ್ಟೆಗೆ ಹತ್ತಿದ್ದು ಸೀಸೆಗೆ ಹೋಯ್ತು, ನನಗೆ ಹತ್ತಿದ್ದು ನನ್ನ ಜೊತೆ ಬಸ್ಸಲ್ಲಿ ಮನೆಗೆ ಬಂತು. ಬಚ್ಚಲಲ್ಲಿ ಸೀರೆ ಬಿಚ್ಚಿ ತೊಡೆ ಸಂದಿ, ಕಂಕುಳು, ಎದೆ ಕೆಳಗೆ, ಎಲ್ಲಾ ಕಡೆ ತಡವಿ ಹುಡುಕಬೇಕು. ಕಿತ್ತ ಜಾಗ ತಿಂಗಳುಗಟ್ಟಲೆ ಕೆರೀತದೆ. ಮಂಗ ಸತ್ತು ಬಿದ್ರೆ ಸುತ್ತ ಉಣುಗು ಸಾಯೋ ಪುಡಿ ಹೊಡೆಯೋದು ನಾನು, ಎತ್ತಿ ಚೀಲಕ್ಕೆ ಹಾಕೋದು ನಾನು. ಎಳೆ ಕೂಸಿನಷ್ಟು ತೂಕ ಇರುತ್ತೆ ಅದು. ಅವತ್ತು ಉಣ್ಣೋಕೆ ಆಗಲ್ಲ.

ನನಗಿಂತ ಮೊದಲು ಈ ಕೆಲಸದಲ್ಲಿ ನನ್ನ ಗಂಡ ಉಚ್ಚಂಗಪ್ಪ ಇದ್ದ. ತೊಂಬತ್ತೊಂಬತ್ತನೇ ಇಸವಿ ಮಾರ್ಚಲ್ಲಿ ಕ್ಯಾಸನೂರು ಕಡೆ ಕಾಡಿಗೆ ಹೋಗಿ ಬಂದ. ನಾಲ್ಕನೇ ದಿನ ಜ್ವರ ಹತ್ತಿತು, ಹನ್ನೊಂದನೇ ದಿನ ಹೋದ. ಅದೇ ಆಗಸ್ಟಲ್ಲಿ ಅನುಕಂಪದ ಆಧಾರದ ಮೇಲೆ ಅವನ ಜಾಗಕ್ಕೆ ನನ್ನ ಹಾಕಿದ್ರು. ಅನುಕಂಪ ಅಂದ್ರೆ ಇದು ನೋಡಿ. ಗಂಡನ್ನ ಕೊಂದ ಹುಳ ಹಿಡ್ಕೊಂಡು ಬಾ ಅಂತ ಹೆಂಡ್ತಿಗೆ ಆರ್ಡರ್ರು. ನಾನು ಆರ್ಡರ್ ಕಾಗದ ಕಣ್ಣಿಗೊತ್ಕೊಂಡು ಇಸ್ಕೊಂಡೆ. ಹೊಟ್ಟೆ ಇತ್ತಲ್ಲ.

ನಮ್ಮ ಘಟಕದಲ್ಲಿ ಕೀಟ ಸಂಗ್ರಾಹಕರ ಮೇಲೆ ಇರೋದು ಒಂದೇ ಮೆಟ್ಟಿಲು, ಹಿರಿಯ ಸಂಗ್ರಾಹಕ. ಅದೂ ಒಂದೇ ಒಂದು ಹುದ್ದೆ. ಅದರಲ್ಲಿ ಕೂತೋರು ನಿವೃತ್ತಿ ಆಗಬೇಕು, ಇಲ್ಲ ಸಾಯಬೇಕು, ಆಗ ಕೆಳಗಿನೋರಿಗೆ ಜಾಗ. ಇಂಥ ಕಡೆ ಕೊಳೆಯೋರಿಗೆ ಅಂತ ಸರ್ಕಾರ ಒಂದು ದಾರಿ ಮಾಡೈತೆ. ಬಡ್ತಿ ಸಿಗದೇ ಹತ್ತು ವರ್ಷ ಆದ್ರೆ ಹುದ್ದೆ ಅದೇ ಇದ್ರೂ ಸಂಬಳ ಮೇಲಿನ ಶ್ರೇಣಿಗೆ ಏರಿಸ್ತಾರೆ. ಹದಿನೈದಕ್ಕೆ ಇನ್ನೊಂದು ಶ್ರೇಣಿ. ಇಪ್ಪತ್ತಕ್ಕೆ, ಇಪ್ಪತ್ತೈದಕ್ಕೆ ಒಂದೊಂದು ಇನ್‌ಕ್ರಿಮೆಂಟು. ಹದಿನೈದು ವರ್ಷದ್ದಕ್ಕೆ ಸ್ವಯಂಚಾಲಿತ ಅಂತ ಹೆಸರು. ಅಂದ್ರೆ ತಾನಾಗೇ ಆಗೋದು. ಯಾರ ಕಾಲೂ ಹಿಡಿಯೋ ಹಂಗಿಲ್ಲ. ಒಂದೇ ಷರತ್ತು. ಬಡ್ತಿ ಕೊಡೋಕೆ ಬಂದಾಗ ಬ್ಯಾಡ ಅಂದೋರಿಗೆ ಇದು ಯಾವುದೂ ಸಿಗಲ್ಲ.

ಇಷ್ಟು ವಿಷಯ ನನಗೆ ಗೊತ್ತಾಗಿದ್ದು ನಿವೃತ್ತಿಗೆ ಬರೀ ನಾಲ್ಕು ತಿಂಗಳು ಇರೋವಾಗ. ಹೇಳಿದ್ದು ಧನಲಕ್ಷ್ಮಿ. ಸೊರಬದ ಹುಡುಗಿ, ಪರೀಕ್ಷೆ ಬರೆದು ಗುಮಾಸ್ತೆಯಾಗಿ ಬಂದು ಒಂದು ವರ್ಷ ಆಗಿತ್ತು. ನನ್ನ ಪೆನ್ಶನ್ ಕಾಗದ ತಯಾರು ಮಾಡೋಕೆ ಸೇವಾ ಪುಸ್ತಕ ಬಿಚ್ಕೊಂಡು ಕೂತಿದ್ಲು. ನಾನು ಸೀಸೆ ತೊಳೀತಿದ್ದೆ.

"ಅಕ್ಕ, ಸ್ವಲ್ಪ ಬರ್ರೀ ಇಲ್ಲಿ. ಹತ್ತು ವರ್ಷದ್ದು ಆಗಿದೆ. ಹದಿನೈದರದ್ದು ಎರಡು ಸಾವಿರದ ಹದಿನಾಲ್ಕಕ್ಕೆ ಆಗಬೇಕಿತ್ತು, ಆಗಿಲ್ಲ. ಇಪ್ಪತ್ತರದ್ದೂ ಇಲ್ಲ, ಇಪ್ಪತ್ತೈದರದ್ದೂ ಇಲ್ಲ. ನೀವು ಕೇಳಲಿಲ್ವಾ?"

"ಏನಂತ ಕೇಳ್ಲಿ ಅವ್ವಿ? ಐತೆ ಅಂತ ಗೊತ್ತಿದ್ರೆ ತಾನೆ."

ಅವಳು ಪುಟ ತಿರುವಿದಳು. ಒಂದು ಕಡೆ ಬೆರಳು ನಿಂತುಬಿಡ್ತು. ಮುಖ ಸಣ್ಣದು ಮಾಡ್ಕೊಂಡು ನನ್ನ ನೋಡಿದಳು.

"ಓದು," ಅಂದೆ.

"ಸದರಿ ನೌಕರರು ದಿನಾಂಕ ಹನ್ನೊಂದು ಆರು ಎರಡು ಸಾವಿರದ ಹನ್ನೆರಡರಂದು ಹಿರಿಯ ಸಂಗ್ರಾಹಕ ಹುದ್ದೆಗೆ ಬಡ್ತಿಯನ್ನು ಸ್ವಇಚ್ಛೆಯಿಂದ ನಿರಾಕರಿಸಿರುತ್ತಾರೆ."

"ಹಂಗಂದ್ರೆ?"

"ನೀವೇ ಬಡ್ತಿ ಬೇಡ ಅಂದಿದೀರಿ ಅಂತ. ಅದಕ್ಕೇ ಯಾವುದೂ ಆಗಿಲ್ಲ ಅಕ್ಕ. ಪೆನ್ಶನ್ನೂ ಕಡಿಮೆ ಸಂಬಳದ ಮೇಲೇ ಕಟ್ಟಬೇಕಾಗುತ್ತೆ. ಸಾಯೋತನಕ ಅದೇ."

ಕೈಯಲ್ಲಿ ಸೋಪಿನ ನೊರೆ ಇತ್ತು. ಸೆರಗಿಗೆ ಒರೆಸ್ಕೊಂಡೆ. ಸಿಟ್ಟು ಬಂತಾ ಅಂತ ಕೇಳಿದ್ರೆ ಸುಳ್ಳು ಹೇಳಲ್ಲ, ಬರಲಿಲ್ಲ. ಸಿಟ್ಟು ಬರೋಕೂ ಮೈಯಲ್ಲಿ ತ್ರಾಣ ಬೇಕಲ್ಲ. ಸುಸ್ತಾಯ್ತು, ಅಷ್ಟೇ. ಅಲ್ಲೇ ನೆಲದ ಮೇಲೆ ಕೂತೆ. ಅವಳು ಕುರ್ಚಿ ಎಳೆದಳು. ಬ್ಯಾಡ ಅಂದೆ. ಹೇಳಿದ ಮೇಲೆ ನನಗೇ ಹೊಳೀತು ಏನಂದೆ ಅಂತ.

ಪುಸ್ತಕದಲ್ಲಿ ಬರೆದಿದ್ದ ಆ ಜೂನ್ ಹನ್ನೊಂದು ಚೆನ್ನಾಗಿ ನೆನಪೈತೆ. ಕಾಡಿಂದ ಬಂದು ಸೀಸೆಗೆ ಹತ್ತಿ ತುರುಕ್ತಾ ಇದ್ದೆ. ಸಂಗಮೇಶ್ ಸಾರ್ ಕರೆದ್ರು. ಈಗ ಅವರು ಸೂಪರಿಂಟೆಂಡೆಂಟು, ಆಗ ದೊಡ್ಡ ಗುಮಾಸ್ತರು. ಅವರಿಗೆ ಬಡ್ತಿ ಆಗ್ತಾನೇ ಇರುತ್ತೆ, ಅದು ಬೇರೆ ಮಾತು. ಮೇಜಿನ ಮೇಲೆ ಒಂದು ಟೈಪ್ ಮಾಡಿದ ಹಾಳೆ ಇತ್ತು. ನಗ್ತಾ ಕೇಳಿದ್ರು, "ಏನ್ ಹುಲಿಯಮ್ಮ, ಹಿರಿಯ ಸಂಗ್ರಾಹಕಿ ಆಗಿಬಿಡ್ತೀಯೇನು?"

ನಾನು ಬಾಯಿಗೆ ಸೆರಗು ಅಡ್ಡ ಇಟ್ಕೊಂಡು, "ಅಯ್ಯೋ, ನಮಗ್ಯಾತಕ್ಕೆ ಬಿಡ್ರಿ ಸಾರ್," ಅಂದೆ.

ಅಷ್ಟೇ ನಾನು ಅಂದಿದ್ದು. ಇದು ಯಾರಿಗೆ ಅರ್ಥ ಆಗಬೇಕೋ ಅವರಿಗೆ ಆಗುತ್ತೆ. ಆಗದೇ ಇರೋರಿಗೆ ಬಿಡಿಸಿ ಹೇಳ್ತೀನಿ. ನಮ್ಮವ್ವ ಮಾಸ್ತಮ್ಮ ಕುಬಟೂರಲ್ಲಿ ದೊಡ್ಡ ಮನೆಯೋರ ಗದ್ದೆಗೆ ಹೋಗ್ತಿದ್ಲು. ಕೆಲಸ ಮುಗಿದ ಮೇಲೆ ಹಿತ್ತಲಲ್ಲಿ ನಿಂತ್ರೆ ಒಳಗಿನ ಅಮ್ಮ ಏನಾದ್ರೂ ತರೋರು. ನನಗೆ ಆರೇಳು ವರ್ಷ. ಒಂದಿನ ಆ ಅಮ್ಮ, "ರೊಟ್ಟಿ ಬೇಕೇನೇ?" ಅಂದ್ರು. ನಾನು "ಹೂಂ, ಬೇಕು" ಅಂದುಬಿಟ್ಟೆ. ಅವರು ಒಳಗಿದ್ದೋರನ್ನೆಲ್ಲ ಕೂಗಿ ಕರೆದು, ನೋಡ್ರೇ ಹೆಂಗೆ ಬಾಯಿ ಬಿಡ್ತದೆ ಅಂತ ನಗಾಡಿದ್ರು. ದಾರಿಯಲ್ಲಿ ಅವ್ವ ಬೆನ್ನಿಗೆ ಬಾರಿಸಿದ್ಲು. ಎರಡು ಸಲ ಬ್ಯಾಡ್ರಿ ಅನ್ನಬೇಕು, ಮೂರನೇ ಸಲ ಅವರೇ ಒತ್ತಾಯ ಮಾಡಿದ ಮೇಲೆ ಸೆರಗು ಒಡ್ಡಬೇಕು ಅಂತ ಹೇಳ್ಕೊಟ್ಲು. ಆಮೇಲೆ ಅವಳೂ ಅತ್ತಳು. ಅವತ್ತಿಂದ ನನ್ನ ಬಾಯಲ್ಲಿ ಮೊದಲು ಬರೋದೇ ಬ್ಯಾಡ. ಟೀ ಕುಡಿ ಅಂದ್ರೆ ಬ್ಯಾಡ. ಕೂತ್ಕೋ ಅಂದ್ರೆ ಬ್ಯಾಡ. ಹಸಿವಾಗೈತಾ ಅಂದ್ರೂ ಇಲ್ಲ.

ನಮ್ಮ ಕೇರಿಯೋರೆಲ್ಲ ಹಂಗೇ. ಇದು ಸಂಗಮೇಶ್ ಸಾರಿಗೆ ಗೊತ್ತಿಲ್ವಾ? ಅವರೂ ಇದೇ ಸೀಮೆಯೋರು. ಅವರ ಮನೆ ಹಿತ್ತಲಲ್ಲೂ ನನ್ನಂಥೋರು ನಿಂತು ಎರಡೆರಡು ಸಲ ಬ್ಯಾಡ್ರಿ ಅಂದಿರ್ತಾರೆ. ಚೆನ್ನಾಗೇ ಗೊತ್ತು. ಅವರು ಎರಡನೇ ಸಲ ಕೇಳಲೇ ಇಲ್ಲ.

"ಸರಿ, ನಿನ್ನಿಷ್ಟ. ಇಲ್ಲೊಂದು ಸಹಿ ಹಾಕು," ಅಂದ್ರು. ಅಂಗೈ ಅಗಲ ಮಾಡಿ ಹಾಳೆ ಮೇಲಿಟ್ರು. ಸಹಿ ಹಾಕೋಷ್ಟು ಜಾಗ ಮಾತ್ರ ಕಾಣ್ತಿತ್ತು. ನನಗೆ ನಾಲ್ಕನೇ ಕ್ಲಾಸಿನ ಓದು ಬರುತ್ತೆ, ನಿಧಾನಕ್ಕೆ ಕೂಡಿಸಿ ಓದ್ತೀನಿ. ಕೈ ತೆಗೀರಿ ಸಾರ್, ಓದ್ತೀನಿ ಅಂತ ಹೆಂಗೆ ಹೇಳೋದು? ರಜೆ ಕಾಗದಕ್ಕೆ, ಎಣ್ಣೆ ಬಾಟ್ಲಿ ಲೆಕ್ಕಕ್ಕೆ, ಎಲ್ಲದಕ್ಕೂ ಹಂಗೇ ಹಾಕ್ತಿದ್ದೆ. ಹಾಕಿದೆ.

ಹದಿನೈದು ದಿನಕ್ಕೆ ಅವರ ಅಕ್ಕನ ಮಗ ರಾಜಕುಮಾರ ಹಿರಿಯ ಸಂಗ್ರಾಹಕ ಆದ. ನನಗಿಂತ ಏಳು ವರ್ಷ ಆಮೇಲೆ ಸೇರಿದೋನು. ಚಿಮಟ ಹಿಡಿಯೋದನ್ನ ನಾನೇ ಹೇಳ್ಕೊಟ್ಟಿದ್ದೆ. ತಮ್ಮಾ ಅಂತ ಕರೀತಿದ್ದೋಳು ಅವತ್ತಿಂದ ಸಾರ್ ಅನ್ನಬೇಕಾಯ್ತು. ಆಫೀಸಲ್ಲಿ ಪೇಡೆ ಹಂಚಿದ್ರು. ನಾನು ಬ್ಯಾಡ್ರಿ ಅಂದೆ. ಪೇಡೆಗಾದ್ರೆ ಮೂರು ಸಲ ಒತ್ತಾಯ ಮಾಡಿದ್ರು ಮಾರಾಯ್ರೆ. ತಗೊಂಡು ತಿಂದೆ. ಚೆನ್ನಾಗೇ ಇತ್ತು.

ಹಿರಿಯ ಸಂಗ್ರಾಹಕ ಅಂದ್ರೆ ಕಾಡಿಗೆ ಮುಂದೆ ನಿಂತು ಹೋಗಬೇಕಾದೋನು. ಇವನು ಮೊದಲ ಮೂರು ತಿಂಗಳು ಜೀಪಲ್ಲಿ ಕೂತು ಬಂದ. ಆಮೇಲೆ ಅದೂ ಇಲ್ಲ. ಫ್ಯಾನ್ ಕೆಳಗೆ ಕೂತು ನಾನು ತಂದ ಸೀಸೆ ಎಣಿಸಿ ರಿಪೋರ್ಟ್ ಬರೀತಿದ್ದ. "ಹುಲಿಯಮ್ಮ, ಇವತ್ತು ಕಡಿಮೆ ಐತಲ್ಲ, ಎಲ್ಲಿ ನಿದ್ದೆ ಹೊಡೆದೆ?" ಅಂತ ಹತ್ತು ಜನರ ಮುಂದೆ ಕೇಳ್ತಿದ್ದ. ನನ್ನ ಮಂಡಿ ಚಿಪ್ಪು ಆಗಲೇ ಸವೆದಿತ್ತು. ಕೂತ್ರೆ ಏಳೋಕೆ ಗಿಡ ಹಿಡೀಬೇಕಿತ್ತು. ಬಿಡಿ, ಅದನ್ನೆಲ್ಲ ಹೇಳ್ತಾ ಹೋದ್ರೆ ಮುಗಿಯಲ್ಲ.

ಧನಲಕ್ಷ್ಮಿ ಓದಿ ಹೇಳಿದ ಮಾರನೇ ದಿನ ಸಂಗಮೇಶ್ ಸಾರ್ ಮುಂದೆ ಹೋಗಿ ನಿಂತೆ.

"ಸಾರ್, ನಾನು ಬಡ್ತಿ ಬ್ಯಾಡ ಅಂತ ಬರ್ಕೊಟ್ಟಿಲ್ಲ."

"ಮತ್ತೆ ಸಹಿ ಯಾರದ್ದು?"

"ನಂದೇ. ಓದೋಕೆ ಬಿಡಲಿಲ್ಲ ನೀವು."

"ನಾನು ಕೇಳಿದೆನೋ ಇಲ್ಲವೋ? ನಮಗ್ಯಾತಕ್ಕೆ ಅಂತ ನೀನೇ ಅಂದೆಯೋ ಇಲ್ಲವೋ?"

ನೋಡಿ, ಹದಿಮೂರು ವರ್ಷ ಆಗ್ತಾ ಬಂದ್ರೂ ನನ್ನ ಮಾತು ಒಂದಕ್ಷರ ತಪ್ಪದಂಗೆ ನೆನಪಿತ್ತು ಅವರಿಗೆ. ನಾನು ಅಂದಿದ್ದು ಹೌದು. ಅವರು ಫೈಲ್ ಮುಚ್ಚಿ, "ಹೋಗು, ನಿವೃತ್ತಿ ಹತ್ರ ಇದೆ, ನೆಮ್ಮದಿಯಾಗಿ ಹೋಗು," ಅಂದ್ರು.

ಧನಲಕ್ಷ್ಮಿ ಬಿಡಲಿಲ್ಲ. ಅವಳ ಟಿಫಿನ್ ಬಾಕ್ಸ್ ಬಿಚ್ಚಿ ಇಬ್ಬರೂ ಕೂತು ಅರ್ಜಿ ಬರೆದ್ವಿ. ನಾನು ಹೇಳ್ದೆ, ಅವಳು ಬರೆದಳು. ಬಡ್ತಿ ಬೇಡ ಅಂದ್ರೆ ಏನೇನು ಹೋಗುತ್ತೆ ಅಂತ ನನಗೆ ಯಾರೂ ಹೇಳಿಲ್ಲ, ಕಾಗದ ಓದೋಕೆ ಕೊಟ್ಟಿಲ್ಲ, ಹದಿನೈದು ವರ್ಷದ ಶ್ರೇಣಿ ಮತ್ತೆ ಮುಂದಿನದ್ದೆಲ್ಲ ನನಗೆ ಸಿಗಬೇಕು. ಮೇಲಿನ ಕಚೇರಿಗೆ ರಿಜಿಸ್ಟರ್ ಪೋಸ್ಟಲ್ಲಿ ಹೋಯ್ತು.

ಜನವರಿಯಲ್ಲಿ ಅಲ್ಲಿಂದ ಕಾಗದ ಬಂತು. ನೌಕರರು ನಿಜವಾಗಿ ಸ್ವಇಚ್ಛೆಯಿಂದ ನಿರಾಕರಿಸಿದ್ದಾರೋ ಇಲ್ಲವೋ, ಅವರ ಹೇಳಿಕೆ ಪಡೆದು ಕಳಿಸಿ ಅಂತ. ಯಾರಿಗೆ ಬಂತು? ಸಂಗಮೇಶ್ ಸಾರಿಗೆ. ನನ್ನ ಹೇಳಿಕೆ ಅವರು ಪಡೀಬೇಕು! ಅವತ್ತಿಂದ ಅವರ ಬಾಯಿಗೆ ಬೆಲ್ಲ ಬಂತು. ಹುಲಿಯಮ್ಮ ಊಟ ಆಯ್ತಾ, ಹುಲಿಯಮ್ಮ ಬೆನ್ನು ನೋವು ಹೆಂಗಿದೆ. ಹೇಳಿಕೆಯನ್ನ ಅವರೇ ಟೈಪ್ ಮಾಡಿಸಿ ಇಟ್ಕೊಂಡಿದ್ರು.

"ನೋಡು, ಸಹಿ ಹಾಕಿದ್ರೆ ಮಾರ್ಚ್ ಒಂದಕ್ಕೇ ಪೆನ್ಶನ್ ಕಾಗದ ಹೊರಡುತ್ತೆ. ಇಲ್ಲ ಅಂದ್ರೆ ವಿಚಾರಣೆ, ಅದು ಇದು. ಎರಡು ವರ್ಷ ಆಗಬಹುದು, ಐದೂ ಆಗಬಹುದು. ಅಷ್ಟು ದಿನ ಏನ್ ತಿಂತೀಯ? ಯೋಚನೆ ಮಾಡು."

ಯೋಚನೆ ಮಾಡಿದೆ. ಮಾಡಿಲ್ಲ ಅಂದ್ರೆ ತಪ್ಪಾಗುತ್ತೆ. ಶಿರಾಳಕೊಪ್ಪದಲ್ಲಿ ಬಸ್ ಬದಲಾಯಿಸೋವಾಗ ದಿನಾ ಯೋಚನೆ ಮಾಡ್ತಿದ್ದೆ. ಹಾಕಿಬಿಡಣ, ಬಂದಷ್ಟು ಬರಲಿ, ಮಲಗಿದ್ರೆ ಸಾಕು ಅನ್ನಿಸ್ತಿತ್ತು. ಬೆಳಗಾದ್ರೆ ಮತ್ತೆ ಕಾಡು. ಜನವರಿ, ಫೆಬ್ರವರಿ ಅಂದ್ರೆ ಉಣುಗಿನ ಕಾಲ. ತರಗೆಲೆ ಮೇಲೆ ಮಂಡಿ ಊರಿ ಕೂತಾಗ ಆ ಒಂದು ಮಾತು ತಲೆಯಲ್ಲಿ ಕೊರೀತಿತ್ತು. ನಿರಾಕರಿಸಿರುತ್ತಾರೆ. ಜೀವನದಲ್ಲಿ ನಾನು ಏನನ್ನ ನಿರಾಕರಿಸಿದೀನಿ? ಸತ್ತ ಮಂಗ ಎತ್ತು ಅಂದ್ರೆ ಎತ್ತಿದೀನಿ. ಭಾನುವಾರ ಬಾ ಅಂದ್ರೆ ಬಂದಿದೀನಿ. ಸಾಹೇಬರ ಮನೆ ನಾಯಿ ಮೈಯ ಉಣುಗು ಕೀಳು ಅಂದ್ರೆ ಕಿತ್ತಿದೀನಿ, ಅದೂ ಸರ್ಕಾರಿ ಚಿಮಟದಲ್ಲೇ. ಒಂದೇ ಒಂದು ಸಲ ಇಲ್ಲ ಅಂದಿದ್ರೆ ಪುಸ್ತಕದಲ್ಲಿ ಬರ್ಕೊಳ್ಲಿ ಪಾಪ. ಮಾಡದೇ ಇರೋ ಕೆಲಸ ನನ್ನ ಹೆಸರಿಗೆ ಬರೆದು, ಮಾಡಿದ್ದನ್ನೆಲ್ಲ ಬಿಟ್ಟುಬಿಟ್ಟಿದಾರಲ್ಲ ಅಂತ ಹೊಟ್ಟೆ ಉರೀತಿತ್ತು.

ಫೆಬ್ರವರಿ ಇಪ್ಪತ್ತೆಂಟು, ಶುಕ್ರವಾರ. ನನ್ನ ಕೊನೆ ದಿನ. ಮಧ್ಯಾಹ್ನ ಮೂರಕ್ಕೆ ಬೀಳ್ಕೊಡುಗೆ ಇಟ್ಕೊಂಡಿದ್ರು. ಹಿಂದೆ ಬ್ಯಾನರ್ ಕಟ್ಟಿದ್ರು, ಅದರಲ್ಲಿ ಹುಲಿಗೆಮ್ಮ ಅಂತ ಬರೆದಿತ್ತು. ಇರ್ಲಿ, ಅದೂ ಒಂದು ಹೆಸರೇ. ಇಪ್ಪತ್ತು ಕುರ್ಚಿ, ಉಪ್ಪಿಟ್ಟು, ಮೈಸೂರ್ ಪಾಕು. ನನ್ನ ವೇದಿಕೆ ಮೇಲೆ ಕೂರಿಸಿ ಹಾರ ಹಾಕಿದ್ರು, ಶಾಲು ಹೊದಿಸಿದ್ರು. ರಾಜಕುಮಾರ ಮೈಕ್ ಹಿಡಿದು, ಹುಲಿಯಮ್ಮ ನಮ್ಮೆಲ್ಲರಿಗೂ ತಾಯಿ ಇದ್ದಂಗೆ ಅಂದ. ಕೆಳಗೆ ಕೂತಿದ್ದ ಡ್ರೈವರ್ ನಕ್ಕ, ನನಗೂ ನಗು ಬಂತು.

ಹಣ್ಣಿನ ತಟ್ಟೆ ಕೊಡೋವಾಗ ಸಂಗಮೇಶ್ ಸಾರ್ ತಟ್ಟೆ ಕೆಳಗಿಂದ ಹಾಳೆ ತೆಗೆದ್ರು. ಮೆಲ್ಲಗೆ ಕಿವಿ ಹತ್ರ, "ಇದೊಂದು ಮುಗಿಸಿಬಿಡು, ಈಗ್ಲೇ ಕಳಿಸ್ತೀನಿ," ಅಂದ್ರು. ಪೆನ್ನಿನ ಮುಚ್ಚಳ ಅವರೇ ತೆಗೆದು ಕೊಟ್ರು. ಅಂಗೈ ಹಾಳೆ ಮೇಲೆ ಅಗಲವಾಗಿ ಕೂತ್ಕೊಂಡಿತ್ತು. ಹದಿಮೂರು ವರ್ಷದಲ್ಲಿ ಕೈಗೆ ಎರಡು ಉಂಗುರ ಬಂದಿದ್ವು, ಅಷ್ಟೇ ವ್ಯತ್ಯಾಸ.

"ಕೈ ತೆಗೀರಿ ಸಾರ್," ಅಂದೆ.

"ಏನು?"

"ಕೈ ತೆಗೀರಿ. ಓದಬೇಕು."

ಮೈಕ್ ಅಲ್ಲೇ ಇತ್ತು, ಆರಿಸಿರಲಿಲ್ಲ. ನನ್ನ ಮಾತು ಹಿಂದಿನ ಕುರ್ಚಿವರೆಗೂ ಕೇಳ್ತು. ಅವರು ಕೈ ತೆಗೆದ್ರು. ನಾನು ಹಾಳೆ ಎತ್ಕೊಂಡೆ. ನಾಲ್ಕನೇ ಕ್ಲಾಸಿನೋರು ಹೆಂಗೆ ಓದ್ತಾರೋ ಹಂಗೆ ಓದಿದೆ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಜೋರಾಗಿ. ಕೆಳಗೆ ಸಹಿ ಮಾಡಿದ ಹುಲಿಯಮ್ಮ ಕೋಂ ಲೇಟ್ ಉಚ್ಚಂಗಪ್ಪ ಆದ ನಾನು ಬರೆದುಕೊಟ್ಟ ಹೇಳಿಕೆ ಏನೆಂದರೆ. ಕೌ, ಟುಂ, ಬಿಕ, ಕೌಟುಂಬಿಕ ಕಾರಣಗಳಿಂದ. ಯಾರ ಒತ್ತಾಯವೂ ಇಲ್ಲದೆ. ಬಡ್ತಿಯನ್ನು ನಿರಾಕರಿಸಿದ್ದು ನಿಜವಿರುತ್ತದೆ. ಮುಂದೆ ಯಾವುದೇ ತಕರಾರು ಮಾಡುವುದಿಲ್ಲ. ಜನ ಉಪ್ಪಿಟ್ಟು ಕೈಯಲ್ಲಿ ಹಿಡ್ಕೊಂಡು ಕೂತಿದ್ರು. ಹತ್ತು ನಿಮಿಷ ಆಗಿರಬೇಕು. ಯಾರೂ ಮೇಲೇಳಲಿಲ್ಲ.

"ಕೌಟುಂಬಿಕ ಅಂದ್ರೆ ಮನೆ ವಿಚಾರ ತಾನೆ ಸಾರ್? ಯಾವ ಮನೆ ವಿಚಾರ? ಗಂಡ ಸತ್ತು ಆಗಲೇ ಹದಿಮೂರು ವರ್ಷ ಆಗಿತ್ತು."

"ಹುಲಿಯಮ್ಮ, ಇದೆಲ್ಲ ಆಮೇಲೆ ಒಳಗೆ ಕೂತು ಮಾತಾಡಣ."

"ಒಳಗೆ ಕೂರ್ಸಿ ಯಾವತ್ತು ಮಾತಾಡ್ಸಿದೀರಿ? ಇವತ್ತು ಎಲ್ಲರೂ ಇದಾರೆ. ಈಗ ಕೇಳಿ. ಬಡ್ತಿ ಬೇಕಾ ಅಂತ ಇನ್ನೊಂದು ಸಲ ಕೇಳಿ. ಅವತ್ತು ಕೇಳಲಿಲ್ವಲ್ಲ, ಆ ಎರಡನೇ ಸಲ, ಅದನ್ನ ಕೇಳಿ."

ಅವರು ಕೇಳಲಿಲ್ಲ. ಕೆಳಗಿನೋರ ಕಡೆ ತಿರುಗಿ ಇವಳಿಗೆ ಏನೋ ಆಗಿದೆ ಅನ್ನೋ ಥರ ನಕ್ರು. ಯಾರೂ ಜೊತೆಗೆ ನಗಲಿಲ್ಲ. ನಾನು ಮೈಕ್ ಕಡೆಗೇ ತಿರುಗಿದೆ.

"ನೀವು ಕೇಳದಿದ್ರೂ ಹೇಳ್ತೀನಿ. ಬೇಕು. ಅವತ್ತೂ ಬೇಕಿತ್ತು, ಇವತ್ತೂ ಬೇಕು. ಹದಿನೈದರದ್ದೂ ಬೇಕು, ಇಪ್ಪತ್ತರದ್ದೂ ಬೇಕು, ಇಪ್ಪತ್ತೈದರದ್ದೂ ಬೇಕು. ನಂದು ಅದು."

ಹಾಳೆ ಮಗುಚಿ ಹಿಂದೆ ಬರೆದೆ. ವಕ್ರ ಅಕ್ಷರ, ಆದ್ರೆ ನಂದೇ. ನಾನು ಬಡ್ತಿ ಬಿಟ್ಟಿಲ್ಲ. ಓದಲು ಕೊಡದೆ ಸಹಿ ಹಾಕಿಸಿದ್ದಾರೆ. ನನಗೆ ಬರಬೇಕಾದ ಶ್ರೇಣಿ ಕೊಡಬೇಕು. ಹುಲಿಯಮ್ಮ. ಶಾಲು ಜಾರಿ ಕೆಳಗೆ ಬಿತ್ತು, ಎತ್ಕೊಳ್ಳೋಕೆ ಬಗ್ಗಲಿಲ್ಲ. ಸೀದಾ ಇಳಿದು ಧನಲಕ್ಷ್ಮಿ ಕೈಗೆ ಹಾಳೆ ಕೊಟ್ಟೆ.

"ಅದನ್ನ ಇಲ್ಲಿ ಕೊಡಮ್ಮ," ಅಂದ್ರು ಸಂಗಮೇಶ್ ಸಾರ್.

"ಟಪಾಲು ಬಂದ್ರೆ ನಂಬರ್ ಹಾಕೋದು ನನ್ನ ಕೆಲಸ ಸಾರ್," ಅಂದಳು ಹುಡುಗಿ. ಪುಸ್ತಕ ತೆರೆದು ನಂಬರ್ ಬರೆದು ಸೀಲ್ ಒತ್ತಿದಳು. ಒಂದು ಜೆರಾಕ್ಸ್ ಪ್ರತಿ ತೆಗೆದು ಮಡಚಿ ನನ್ನ ಕುಪ್ಪಸಕ್ಕೆ ಸಿಗಿಸಿದಳು.

"ನಿನ್ನ ಪೆನ್ಶನ್ ಕಾಗದ ಹೆಂಗೆ ಹೋಗುತ್ತೋ ನೋಡ್ತೀನಿ," ಅಂದ್ರು ಅವರು.

"ನೋಡ್ತಾ ಇರಿ," ಅಂದೆ. ನಾಲ್ಕೂವರೆ ಬಸ್ ಹಿಡಿದು ಊರಿಗೆ ಬಂದೆ.

ಮಾರ್ಚಲ್ಲಿ ಸಂಬಳ ಇಲ್ಲ, ಪೆನ್ಶನ್ನೂ ಇಲ್ಲ. ಅಕ್ಕಿ ಇತ್ತು. ಎರಡು ವಾರ ಬರೀ ಮಲಗಿದೆ. ಇಪ್ಪತ್ತೈದು ವರ್ಷದ ನಿದ್ದೆ ಬಾಕಿ ಇತ್ತೋ ಏನೋ, ಎದ್ದು ಗಂಜಿ ಕುಡಿದು ಮತ್ತೆ ಮಲಗ್ತಿದ್ದೆ. ವಿಚಾರಣೆಗೆ ಯಾರೋ ಅಧಿಕಾರಿ ಬರ್ತಾರಂತೆ ಅಂತ ಧನಲಕ್ಷ್ಮಿ ಫೋನಲ್ಲಿ ಹೇಳಿದಳು. ಯಾವಾಗ ಅಂತ ಅವಳಿಗೂ ಗೊತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಕೇರಿ ಮುಂದೆ ಆಫೀಸ್ ಜೀಪ್ ನಿಂತಿತು. ರಾಜಕುಮಾರ ಇಳಿದು ಬಂದ. ಬಾಗಿಲಲ್ಲಿ ನಿಂತು, "ಹುಲಿಯಮ್ಮಾರೇ," ಅಂದ. ಇಷ್ಟು ವರ್ಷ ಆ 'ಅವರು' ಎಲ್ಲಿತ್ತೋ.

"ಏನ್ ಬಂದಿದ್ದು?"

"ತೊಗರ್ಸಿ ಆಚೆ ಕಾಡಲ್ಲಿ ಎರಡು ಮಂಗ ಸತ್ತು ಬಿದ್ದಿವೆ. ಒಬ್ಬರಿಗೆ ಜ್ವರ ಬಂದಿದೆಯಂತೆ. ಸಂಜೆ ಒಳಗೆ ಉಣುಗು ಕಳಿಸಿ ಅಂತ ಮೇಲಿಂದ ಫೋನ್ ಮೇಲೆ ಫೋನು. ನಿಮ್ಮ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಒಂದಿನ ಬಂದು ಹೋಗ್ರೀ."

"ನಾನು ನಿವೃತ್ತಿ ಆಗಿದೀನಲ್ಲ. ಯಾವ ಹುದ್ದೆಗೆ ಕರೀತಿದೀಯ?"

ಅವನು ಕಾಲು ಬದಲಾಯಿಸಿದ. "ಮಾವ ಹೇಳಿ ಕಳಿಸಿದಾರೆ. ನೀವು ಬಂದ್ರೆ ಪೆನ್ಶನ್ ಕಾಗದ ನಾಳೇನೇ ಕಳಿಸ್ತಾರಂತೆ."

"ಶ್ರೇಣಿ?"

"ಅದು ಆಮೇಲೆ ನೋಡಣ ಅಂದ್ರು."

"ಹಂಗಾದ್ರೆ ನಾನು ಬರಲ್ಲ."

ಇಷ್ಟು ಹಗುರಾಗಿ ಬಾಯಿಂದ ಬರುತ್ತೆ ಅಂತ ಗೊತ್ತಿರಲಿಲ್ಲ.

"ಹುಲಿಯಮ್ಮಾರೇ, ಜನ ಸಾಯ್ತಾರೆ. ನಿಮ್ಮ ಯಜಮಾನರೂ ಇದರಲ್ಲೇ ಅಲ್ವಾ ಹೋಗಿದ್ದು?"

ಆಗ ಬಂತು ನೋಡಿ ಸಿಟ್ಟು, ಇಷ್ಟು ದಿನ ಬರದೇ ಇದ್ದಿದ್ದು. ಉಚ್ಚಂಗಪ್ಪನ ಹೆಸರು ಹೇಳ್ಕೊಂಡು ನನ್ನ ಕಾಡಿಗೆ ಅಟ್ಟೋಕೆ ಬಂದಿದಾನೆ! ಬೈಯಬೇಕು ಅನ್ನಿಸ್ತು. ಬೈಯಲಿಲ್ಲ. ಜ್ವರ ಬಂದೋರು ಯಾರ ಮನೆಯೋರೋ. ಅವರಿಗೂ ಹೆಂಡ್ತಿ ಮಕ್ಕಳು ಇರ್ತಾರೆ.

"ಘಟಕದ ಹಿರಿಯ ಸಂಗ್ರಾಹಕ ಯಾರು?"

"ನಾನೇ."

"ಹದಿಮೂರು ವರ್ಷ ಸಂಬಳ ತಗೊಂಡಿದ್ದು ಇದಕ್ಕೇ ಅಲ್ವಾ? ಹೋಗಿ ಸಂಗ್ರಹ ಮಾಡು."

ನಾನು ಒಂದೊಂದೇ ಹೇಳಿದೆ. ಎಣ್ಣೆ ಮೊಣಕಾಲಿಗಿಂತ ಮೇಲಕ್ಕೆ ಬಳ್ಕೋ, ಬೆವರಿದ್ರೆ ಮತ್ತೆ ಬಳ್ಕೋ. ಪ್ಯಾಂಟು ಕಾಲುಚೀಲದ ಒಳಗೆ ಸಿಗಿಸು. ಮೊದಲು ಮಂಗ ಬಿದ್ದ ಜಾಗದ ಸುತ್ತ ಬಟ್ಟೆ ಎಳಿ, ಆಮೇಲೆ ಪುಡಿ ಹೊಡಿ. ಪುಡಿ ಮೊದಲು ಹೊಡೆದ್ರೆ ಸೀಸೆಗೆ ಏನೂ ಸಿಗಲ್ಲ. ಸೀಸೆಯಲ್ಲಿ ಒದ್ದೆ ಹತ್ತಿ ಇರ್ಲಿ. ಮನೆಗೆ ಹೋಗಿ ಉಟ್ಟ ಬಟ್ಟೆ ಕುದಿಯೋ ನೀರಿಗೆ ಹಾಕು, ಮಕ್ಕಳನ್ನ ಆಮೇಲೆ ಎತ್ಕೋ. ಅವನು ಮೊಬೈಲಲ್ಲಿ ಬರ್ಕೊಂಡ. ಬರೆಯೋವಾಗ ಹಣೆ ಬೆವರ್ತಿತ್ತು. ನಲವತ್ತೈದು ವರ್ಷದ ಗಂಡಸು.

"ನನಗೆ ಭಯ ಆಗುತ್ತೆ," ಅಂದ.

"ನನಗೂ ಆಗ್ತಿತ್ತು," ಅಂದೆ. "ದಿನಾ ಆಗ್ತಿತ್ತು."

ಅವನು ತಲೆ ಎತ್ತಿ ನನ್ನ ಮುಖ ನೋಡಿದ. ಇಷ್ಟು ವರ್ಷದಲ್ಲಿ ಆ ವಿಷಯ ಅವನಿಗೆ ಹೊಳೆದೇ ಇರಲಿಲ್ಲ ಅನ್ನಿಸುತ್ತೆ. ಹೋಗಿ ಜೀಪ್ ಹತ್ತಿದ. ಡ್ರೈವರ್ ತೊಗರ್ಸಿ ಕಡೆಗೆ ಗಾಡಿ ತಿರುಗಿಸಿದ.